ಉಸಿರಿಗೆ ಎರಡಿಂಚು

ಮಾರ್ಚ್ 4, ಬೆಳಿಗ್ಗೆ 7
ಉಸಿರಿನ ಕಸರತ್ತಿಗೆ ಕೊಟ್ಟ ಸ್ಪ್ರಿಂಗಿನ ಕೊಳವೆ ಕಚ್ಚಿ ಮೂವತ್ತು ಸಲ ಉಸಿರೆಳೆದಾಯ್ತು. ಭುಜದ ಮೇಲೆ ಮರಳು ಚೀಲ ಹೇರಿಸಿಕೊಂಡು ಎತ್ತಿದ್ದು ಹತ್ತು ಸಲ. ಈಗ ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಒಂದುಸಿರಿಗೆ ನಾಲ್ಕೇ ಪದ.

ಅಟ್ಟದಿಂದ ಬಟ್ಟೆ ಬಂಡಲ್ ಇಳಿಸಲು ಹೋಗಿ ಬಿದ್ದು ಐದು ತಿಂಗಳು. ಕತ್ತಿನಲ್ಲಿ ಬೆನ್ನುಹುರಿ ಜಜ್ಜಿತು, ಕೈಕಾಲು ಆಡವು. ಗಂಟಲಲ್ಲಿ ತೂತು, ಉಸಿರಿಗೆ ಅದಕ್ಕೊಂದು ಟ್ಯೂಬು, ಮಾತಾಡಲು ಟ್ಯೂಬಿಗೊಂದು ಮುಚ್ಚಳ. ಕೆಮ್ಮಿನ ಜೋರು ಅಳೆಯುವ ಮೀಟರ್ ನೂರರವತ್ತು ದಾಟಿದರೆ ಟ್ಯೂಬು ತೆಗೀತಾರಂತೆ. ಇವತ್ತು ನೂರಹತ್ತು.

ಪಕ್ಕದ ಕೋಣೆಯಲ್ಲಿ ಹೆಂಡತಿ ಹೊಲಿಯುತ್ತಾಳೆ. ಒಂದು ಗೇಣು ಓಡಿಸುತ್ತಾಳೆ, ಮೆಷಿನ್ ನಿಲ್ಲಿಸುತ್ತಾಳೆ, ಕಿವಿಗೊಡುತ್ತಾಳೆ — ನನ್ನ ಟ್ಯೂಬು ಕಟ್ಟಿತೇನೋ ಅಂತ. ಕರೆದರೆ ಕೇಳಿಸುವಷ್ಟು ದನಿ ಬಂದರೆ ಅವಳು ನಿಶ್ಚಿಂತೆಯಿಂದ ಹೊಲಿಯಬಹುದು. ಅಷ್ಟೇ ಆಸೆ.

ಮಾರ್ಚ್ 9
ಫಿಸಿಯೋ ಹುಡುಗಿಗೆ 'ಊದಮ್ಮ' ಅಂತ ಹೆಸರಿಟ್ಟಿದ್ದೇನೆ. ಬಂದರೆ ಸಾಕು, 'ಊದಿ, ಊದಿ'. ಹೊಟ್ಟೆಗೆ ಬೆಲ್ಟ್ ಬೇಕು ಅಂದಿದ್ದಳು. ಅಂಗಡಿಯದು ಜಾರುತ್ತೆ. ಹೆಂಡತಿ ತಾನೇ ಹೊಲಿದಳು. ಎಂಥ ಅಂಚು! ಕಣ್ಣು ತುಂಬಿ ಬಂತು.

ಕಟ್ಟಿಸಿಕೊಂಡು ಕೆಮ್ಮಿದೆ. ನೂರಹನ್ನೆರಡು. ಇಬ್ಬರ ಮುಖವೂ ಚಿಕ್ಕದಾಯ್ತು.

ಮಾರ್ಚ್ 10
ಊದಮ್ಮ ಬೆಲ್ಟಿನೊಳಗೆ ಕೈ ತೂರಿಸಿದಳು. ಇಡೀ ಕೈ ಹೋಯ್ತು.
"ಇಷ್ಟು ಸಡಿಲ ಯಾಕಕ್ಕಾ?"
"ಉಸಿರಾಡೋಕೆ ಎರಡಿಂಚು ಬಿಡ್ಬೇಕಲ್ವಾ? ಇಪ್ಪತ್ತು ವರ್ಷದಿಂದ ಇವ್ರೇ ಬೈದು ಬೈದು ಕಲಿಸಿದ್ದು!"
"ಇದು ಶರ್ಟಲ್ಲಕ್ಕಾ. ಇವ್ರ ಹೊಟ್ಟೆಗೆ ಶಕ್ತಿ ಇಲ್ಲ, ಮುಂದೆ ಜೋತು ಬೀಳುತ್ತೆ. ಬಿಗಿಯಾಗಿ ಹಿಡಿದ್ರೇನೇ ಉಸಿರು ಬರೋದು."
ನಕ್ಕುಬಿಟ್ಟೆ. ನಗುವಷ್ಟು ಉಸಿರಿಲ್ಲ, ಆದರೂ... ನನ್ನ ಟೈಲರ್ ಪಾಠ ನನಗೇ ತಿರುಗಿ ಬಂತು.

ಮಾರ್ಚ್ 11
ಹೆಂಡತಿ ಬೆಲ್ಟು ಬಿಚ್ಚಿ ಮತ್ತೆ ಹೊಲಿದಳು. ಬಿಗಿ ಮಾಡಲು ಕೈಯೇ ಬರಲಿಲ್ಲವಂತೆ. ನೂರನಲವತ್ತು!

ಮಾರ್ಚ್ 29
ಇಷ್ಟು ದಿನ ಬರೆಸಲಿಲ್ಲ. ಉಸಿರನ್ನೆಲ್ಲ ಕೊಳವೆಗೇ ಕೊಟ್ಟೆ. ಇವತ್ತು ನೂರ ಎಪ್ಪತ್ತೆರಡು. ನಂಬದೆ ಡಾಕ್ಟರು ಮೂರು ಸಲ ಕೆಮ್ಮಿಸಿದರು. ಊದಮ್ಮನಿಗೆ ಕೈ ಮುಗಿಯೋಣ ಅಂದರೆ ಕೈ ಏಳದು. ಭುಜ ಎತ್ತಿ ತೋರಿಸಿದೆ. "ಬೆಲ್ಟಿಗೆ ಹೇಳಿ ಥ್ಯಾಂಕ್ಸು" ಅಂದಳು. ಇಬ್ಬರಿಗೂ ಋಣಿ ನಾನು.

ಏಪ್ರಿಲ್ 14, ಸಂಜೆ
ಟ್ಯೂಬು ಹೋಗಿ ವಾರವಾಯ್ತು. ತೂತು ಮುಚ್ಚಿದೆ. ಮೆಷಿನ್ ಓಡುತ್ತಿದ್ದಾಗಲೇ ಎದೆ ತುಂಬಿಕೊಂಡು ಕರೆದೆ — "ಏ, ಇವಳೇ!"
ನಿಂತಿತು. ಓಡಿ ಬಂದಳು, ಕೊರಳಲ್ಲಿ ಟೇಪು.
"ಏನಾಯ್ತ್ರೀ?"
"ಏನಿಲ್ಲ. ಸುಮ್ನೆ."
"ಸುಮ್ನೆನಾ! ಜೀವ ಬಾಯಿಗೆ ಬಂತಲ್ರೀ ನಂಗೆ..."
ಬೈದಳು. ಕಣ್ಣೊರೆಸಿಕೊಂಡಳು. ಹೋದಳು.

ಈಗ ಮೆಷಿನ್ ಓಡುತ್ತಿದೆ. ಒಂದು ಗೇಣು. ಒಂದು ಮೊಳ. ನಿಲ್ಲಿಸಲೇ ಇಲ್ಲ. ಇನ್ನೊಮ್ಮೆ ಕರೆಯೋಣ ಅನ್ನಿಸುತ್ತೆ... ಬೇಡ. ಓಡಲಿ. ಇನ್ನೂ ಓಡಲಿ.