ಉತ್ತರ ಸಿಕ್ಕಿತು

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೧೧, ಬುಧವಾರ

ಪ್ರೀತಿಯ ಮೊಂಡಣ್ಣಾ,

ಹೇಗಿದ್ದೀಯೋ? ಗಾಜು ಕೊಯ್ಯುವಾಗ ಕೈಗವಸು ಹಾಕಿಕೊಳ್ಳುತ್ತೀಯೋ, ಇಲ್ಲ ಈಗಲೂ ಬರಿಗೈಯಲ್ಲೇ ಶೂರತನ ತೋರಿಸುತ್ತೀಯೋ? ಎಡಗೈ ಹೆಬ್ಬೆರಳಿನ ಹಳೇ ಗಾಯ ಚಳಿಗೆ ಸೆಳೆಯುತ್ತದೆ ಎನ್ನುತ್ತಿದ್ದೆ, ಈಗ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯ ಎಂದು ನಂಬಿಕೊಂಡಿದ್ದೇನೆ. ನಂಬುವುದಕ್ಕೇನು, ಕೈಯಿಂದ ಕೊಡುವುದೇನೂ ಇಲ್ಲವಲ್ಲ. ನಾನು ಬರೆದ ಕಾಗದಗಳಲ್ಲಿ ಒಂದೂ ವಾಪಸ್ ಬಂದಿಲ್ಲ. ಅಂದಮೇಲೆ ನಿಮ್ಮ ಗಾಜಿನಂಗಡಿಯಲ್ಲಿ ಯಾರೋ ಇಸಿದುಕೊಳ್ಳುತ್ತಿದ್ದಾರೆ, ಅದು ನೀನೇ ಎಂದುಕೊಂಡು ಮತ್ತೆ ಬರೆಯುತ್ತಿದ್ದೇನೆ. ಅಮ್ಮ ಇದ್ದಾಳೆ. ಮಂಡಿನೋವು ಹಾಗೇ ಇದೆ, ತಟ್ಟೆಯ ಮುಂದೆ ಕೂರುತ್ತಾಳೆ, ಎರಡು ತುತ್ತಿಗೆ ಏಳುತ್ತಾಳೆ. ನಾನೂ ಇದ್ದೇನೆ.

ಪ್ರೆಸ್ಸಿನಲ್ಲಿ ಈಗ ಮದುವೆ ಕಾಗದಕ್ಕೂ ಗಿರಾಕಿ ಇಲ್ಲ, ಗೋಡೆ ಕ್ಯಾಲೆಂಡರಿಗೂ ಇಲ್ಲ. ಅದಕ್ಕೇ ಯಜಮಾನರು ಹೋದ ವರ್ಷ ನನಗೊಂದು ಹೊಸ ಕೆಲಸ ಹಚ್ಚಿದರು. ನಮ್ಮ ಚರ್ಚಿನ ಸಭೆಯವರಂಥ ವಿಶ್ವಾಸಿಗಳು ಟ್ಯಾಬಿನಲ್ಲಿ ದಿನಾ ಬರೆದುಕೊಳ್ಳುವಂಥ ಒಂದು ಪ್ಲಾನರ್ ಮಾಡಬೇಕು. ಬೆಳಗಿನ ಬೈಬಲ್ ವಾಕ್ಯಕ್ಕೆ ಜಾಗ, ಪ್ರಾರ್ಥನೆಗೆ ಜಾಗ, ಭಾನುವಾರ ಪಾಸ್ಟರು ಹೇಳುವ ಪ್ರಸಂಗ ಗುರುತು ಹಾಕಿಕೊಳ್ಳಲು ಒಂದು ಪುಟ, ಪಕ್ಕದಲ್ಲೇ ಹಾಲು, ಸೋಪು, ಕರೆಂಟು ಬಿಲ್ಲು. ಪರಲೋಕ ಇಹಲೋಕ ಎರಡನ್ನೂ ಒಂದೇ ಪುಟದಲ್ಲಿ ಜಗಳವಾಡದಂತೆ ಕೂರಿಸುವುದಕ್ಕೆ ಸಾಕುಸಾಕಾಯಿತು ನೋಡು. ವಾರ ಭಾನುವಾರದಿಂದ ಶುರುವಾಗಬೇಕೋ ಸೋಮವಾರದಿಂದಲೋ ಎಂಬುದಕ್ಕೇ ಯಜಮಾನರೂ ಪಾಸ್ಟರೂ ಮುಖ ಊದಿಸಿಕೊಂಡರು. ಕೊನೆಗೆ ನಾನೇ, ಅವರವರಿಗೆ ಬೇಕಾದಂತೆ ಮಾಡಿಕೊಳ್ಳಲಿ ಬಿಡಿ ಎಂದೆ. ಬಣ್ಣ, ಪುಟ, ಗೆರೆ ಎಲ್ಲ ಬದಲಿಸಬಹುದು. ಜಾಹೀರಾತಿನಲ್ಲಿ ಹಾಕಿದ್ದೂ ಅದನ್ನೇ: 'ಎಲ್ಲವನ್ನೂ ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ.' ಪ್ರಾರ್ಥನೆಯ ಒಂದೊಂದು ಸಾಲಿನ ತುದಿಗೂ ಪುಟ್ಟ ಚೌಕವಿದೆ, 'ಉತ್ತರ ಸಿಕ್ಕಿತು' ಎಂದು ಗುರುತು ಹಾಕುವುದಕ್ಕೆ. ಆ ಚೌಕ ನನ್ನದೇ ತಲೆಯಿಂದ ಬಂದದ್ದು.

ಈಗ ಕೇಳು ನಿನ್ನ ಅಕ್ಕನ ಜಾಣತನ. ಗೆರೆ, ಬಣ್ಣ, ಚೌಕಗಳೆಲ್ಲ ಕೆಳಗಿನ ಪದರದಲ್ಲಿರುತ್ತವೆ, ಅವು ಅಲುಗಾಡಬಾರದೆಂದು ಆ ಪದರಕ್ಕೆ ಬೀಗ ಹಾಕುತ್ತೇವೆ. ಜನ ಬರೆಯುವುದೆಲ್ಲ ಮೇಲಿನ ಪದರದಲ್ಲಿ. ಪುಟ ಹೇಗೆ ಕಾಣುತ್ತದೆಂದು ಯಜಮಾನರಿಗೆ ತೋರಿಸಲು ಪ್ರಾರ್ಥನೆಯ ಜಾಗದಲ್ಲಿ ಏನಾದರೂ ಬರೆಯಬೇಕಿತ್ತು. ಕೈ ತಾನಾಗಿ ಬರೆಯಿತು: 'ತಮ್ಮ ಮನೆಗೆ ಬರಲಿ.' ಆಮೇಲೆ ಅಳಿಸುವುದು ಮರೆತೆ. ಮರೆತದ್ದಷ್ಟೇ ಅಲ್ಲ, ಬರೆದದ್ದೂ ಕೆಳಗಿನ ಪದರದಲ್ಲೇ. ಮೇಲೆ ಬೀಗವನ್ನೂ ಜಡಿದೆ. ಪ್ಲಾನರ್ ಮಾರಾಟವಾಯಿತು. ಈಗ ಗುರುತು ಪರಿಚಯವಿಲ್ಲದ ಮನೆಮನೆಗಳಲ್ಲಿ, ದಿನಾ ಬೆಳಿಗ್ಗೆ ಪುಟ ತೆರೆದರೆ ಮೊದಲ ಸಾಲಿನಲ್ಲಿ ನೀನೇ.

ದೂರುಗಳು ಬಂದವು, ಬರದೆ ಇರುತ್ತವೆಯೇ? 'ಇದು ಯಾರ ತಮ್ಮ? ಅಳಿಸಿದರೂ ಹೋಗ್ತಿಲ್ಲ!' ಯಜಮಾನರು ಕನ್ನಡಕ ಹಣೆಗೇರಿಸಿಕೊಂಡು, "ಎಲ್ಲಾನೂ ಬದಲಾಯಿಸ್ಕೋಬಹುದು ಅಂತ ಊರಿಗೆಲ್ಲಾ ಹೇಳಿದೀವಿ, ಇದೊಂದು ಸಾಲು ಉಡದ ಪಟ್ಟು ಹಿಡ್ಕೊಂಡು ಕೂತಿದೆಯಲ್ಲಮ್ಮಾ," ಎಂದರು. ನನಗೆ ನಗು ಬಂತು. ಅಕ್ಕನ ಕೈಬರಹವಲ್ಲವೇ, ತಮ್ಮನಷ್ಟೇ ಮೊಂಡು. ಆದರೆ ಆಮೇಲೆ ಬಂದ ಪತ್ರಗಳನ್ನು ಓದಿ ನಗು ಉಳಿಯಲಿಲ್ಲ ಕಣೋ. ಒಬ್ಬ ನರ್ಸ್ ಬರೆದಿದ್ದಳು, ಡ್ಯೂಟಿಗೆ ಹೋಗುವ ಮುಂಚೆ ಆ ಸಾಲನ್ನು ದಿನಾ ಓದುತ್ತಾಳಂತೆ. ಒಬ್ಬ ಬಸ್ ಡ್ರೈವರು, "ನಂಗೆ ತಮ್ಮಾನೇ ಇಲ್ಲ ಮೇಡಂ, ಆದ್ರೂ ದಿನಾ ಕೇಳ್ಕೋತೀನಿ. ಬಂದ್ನಾ?" ಎಂದು ಕೇಳಿದ್ದ. ಅವನಿಗೆ ಉತ್ತರ ಬರೆಯಲು ಕೂತೆ, ಎದ್ದೆ. ಇಷ್ಟು ಜನ ನಿನ್ನ ಹೆಸರೂ ತಿಳಿಯದೆ ಮೊಣಕಾಲೂರುತ್ತಿದ್ದಾರೆ. ನಾನು ಮಾತ್ರ ಊರುತ್ತಿಲ್ಲ. ಸಭೆಯಲ್ಲಿ ಬಾಯಿ ಆಡುತ್ತದೆ, ಅಷ್ಟೆ. ಒಳಗೆ ಏನೂ ಇಲ್ಲ. ಪ್ರಾರ್ಥನೆಯ ಪುಟಕ್ಕೆ ಗೆರೆ ಎಳೆದೂ ಎಳೆದೂ ನನ್ನ ಪ್ರಾರ್ಥನೆಯೇ ಬತ್ತಿಹೋಯಿತು.

ಅಪ್ಪನ ಆಪರೇಷನ್ ಆದ ಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ಉಪವಾಸ ಕೂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನೀರು ಕುಡಿಯೋ ಎಂದರೂ ಕುಡಿಯಲಿಲ್ಲ. ಅಪ್ಪ ಹೋದರು. ಸಮಾಧಿಗೆ ಮಣ್ಣು ಹಾಕುತ್ತಿದ್ದಾಗ ಎಲ್ಲರ ಮುಂದೆಯೇ, "ಕೇಳಿಸ್ಕೊಳ್ಳೋರೇ ಇಲ್ಲದ ಮೇಲೆ ಕೇಳೋದೇನು?" ಎಂದು ಕೈ ಒದರಿ ಗೇಟು ದಾಟಿದವನು ತಿರುಗಿ ನೋಡಲಿಲ್ಲ. ಆಗ ಪಾಸ್ಟರಿಗೆ ಸಿಟ್ಟು ಬಂತು, ಅಮ್ಮನಿಗೆ ಬರಲಿಲ್ಲ. ಚಿಕ್ಕಂದಿನಲ್ಲಿ ನಾವು ಸೈಕಲ್ಲಿಗೆ ಪ್ರಾರ್ಥಿಸಿ, ಸೈಕಲ್ಲು ಬರದೆ ರಂಪ ಮಾಡಿದಾಗ ಅವಳು ಹೇಳುತ್ತಿದ್ದಳಲ್ಲ, "ಉಹೂಂ ಅನ್ನೋದೂ ಉತ್ತರಾನೇ ಕಣ್ರೋ," ಎಂದು, ಆ ರಾತ್ರಿಯೂ ಅದನ್ನೇ ಹೇಳಿದಳು. ಆದರೆ ಅಪ್ಪನ ವಿಷಯದಲ್ಲಿ ಹೇಳಿದಳು, ನಿನ್ನ ವಿಷಯದಲ್ಲಿ ಎಂದೂ ಹೇಳಿರಲಿಲ್ಲ. ಅವಳ ಟ್ಯಾಬಿನಲ್ಲೂ ಅದೇ ಪ್ಲಾನರ್ ಇದೆ. ಬೆಳಿಗ್ಗೆ ಎದ್ದವಳು ಮೊದಲು ಆ ಸಾಲಿನ ಮೇಲೆ ಬೆರಳಾಡಿಸುತ್ತಾಳೆ, ಆಮೇಲೆ ಮುಖ ತೊಳೆಯುತ್ತಾಳೆ.

ದೂರುಗಳು ನಿಲ್ಲಲಿಲ್ಲವೆಂದು ನಿನ್ನೆ ಪ್ರೆಸ್ಸಿನಲ್ಲಿ ಕೂತು ಬೀಗ ತೆಗೆದೆ. ಸಾಲು ಅಳಿಸಿದೆ. ಬೆರಳು ಒಂದು ಸಲ ಒತ್ತಿದ್ದಷ್ಟೇ, ಅಪ್ಪನ ಮೇಲೆ ಮಣ್ಣು ಹಾಕಿದ ದಿನದಷ್ಟೇ ಸಂಕಟವಾಯಿತು. ತಿದ್ದಿದ್ದನ್ನು ಎಲ್ಲರಿಗೂ ಕಳಿಸಿಯಾಯಿತು. ನರ್ಸಿನ ಪುಟದಲ್ಲಿ, ಡ್ರೈವರಿನ ಪುಟದಲ್ಲಿ ಈಗ ಅಲ್ಲಿ ಖಾಲಿ ಗೆರೆ. ಅಮ್ಮನ ಟ್ಯಾಬನ್ನು ಮಾತ್ರ ನಾನು ಮುಟ್ಟಲಿಲ್ಲ. ನಿನ್ನನ್ನು ಬಾ ಎನ್ನುವ ಸಾಲು ಲೋಕದಲ್ಲಿ ಉಳಿದಿರುವುದು ಈಗ ಅದೊಂದೇ ಕಡೆ.

ದೇವರಲ್ಲಿ ನಂಬಿಕೆ ಇಟ್ಟುಕೊಂಡೇ ಬಾ ಎನ್ನುವುದಿಲ್ಲ. ನನ್ನಲ್ಲೇ ಇಲ್ಲದ್ದನ್ನು ನಿನ್ನಲ್ಲಿ ಹೇಗೆ ಕೇಳಲಿ? ಸುಮ್ಮನೆ ಬಾ. ಊಟ ಮಾಡು, ಬೇಕಾದರೆ ಜಗಳವಾಡು, ಹೋಗು. ಅಮ್ಮನ ಆಶೀರ್ವಾದ ಎಂದಿನಂತೆ ನಿನ್ನ ಬೆನ್ನ ಮೇಲಿದೆ, ನನ್ನ ಬೈಗುಳವೂ. ಬೆರಳು ಜೋಪಾನ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಅಮ್ಮನ ಟ್ಯಾಬು ಚಾರ್ಜಿಗೆ ಹಾಕಲು ಹೋದೆ. ನಿನ್ನ ಸಾಲಿನ ಚೌಕದಲ್ಲಿ ಗುರುತು ಬಿದ್ದಿದೆ, 'ಉತ್ತರ ಸಿಕ್ಕಿತು.' ಫೋನ್ ಮಾಡಿದೆಯೇನೋ, ಬಂದೇಬಿಟ್ಟೆಯೇನೋ ಎಂದು ಓಡಿಹೋಗಿ ಬಾಗಿಲು ತೆಗೆದೆ, ಹೊಸ್ತಿಲಾಚೆ ನಿನ್ನ ಚಪ್ಪಲಿ ಹುಡುಕಿದೆ. ಅಮ್ಮ ಕೂತಲ್ಲಿಂದಲೇ, "ಯಾರನ್ನೇ ನೋಡ್ತಿದೀಯ? ಬಾಗಿಲು ಹಾಕು. ಉಹೂಂ ಅನ್ನೋದೂ ಉತ್ತರಾನೇ," ಎಂದಳು. ಅಳಲಿಲ್ಲ. ಅದು ತಪ್ಪು ಎಂದು ಅವಳಿಗೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ ಕಣೋ.