ಸಭೆಯಲ್ಲಿ ಎದ್ದು ಆಡಿದ ಮಾತು

ಸ್ಯಾಂಡಿ ಫೋರ್ಕ್, ಉತ್ತರ ಕೆರೊಲಿನಾ
ಭಾನುವಾರ, ೮ ಆಗಸ್ಟ್ ೨೦೧೦

ಪ್ರೀತಿಯ ಟ್ವೈಲಾ,

ನನ್ನ ಕೈಬರಹ ಕಂಡೊಡನೆ ನೀನು ಈ ಲಕೋಟೆಯನ್ನು ಪಕ್ಕಕ್ಕೆ ಸರಿಸಿರುತ್ತೀಯ, ಗೊತ್ತು. ಸರಿಸಿದರೂ ಪರವಾಗಿಲ್ಲ, ಎರಡು ದಿನ ಬಿಟ್ಟು ಓದು. ನೀನು ಊರು ಬಿಟ್ಟು ಆರು ವಾರವಾಯಿತು. ಅಷ್ಟರಲ್ಲಿ ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹಾಳೆ ಹರಿದೆ. ಕೆಲಸ ಹೆಚ್ಚು, ಸೆಕೆ ಹೆಚ್ಚು ಎಂದೆಲ್ಲ ನೆಪ ಹೇಳುವುದಿಲ್ಲ. ನಿನಗೆ ಬರೆಯಲು ಮುಖವಿರಲಿಲ್ಲ, ಅಷ್ಟೆ.

ದೇವರ ದಯೆಯಿಂದ ನಾವು ಆರೋಗ್ಯವಾಗಿದ್ದೇವೆ. ಡ್ವೇನ್‌ಗೆ ಮಂಡಿನೋವು ಹಾಗೇ ಇದೆ. ಡಾಕ್ಟರು ಹೇಳಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಾನೆ. ಟೊಮೇಟೊ ಈ ವರ್ಷ ಹೇಗೆ ಬಿಟ್ಟಿದೆಯೆಂದರೆ ಮೂರು ಹೊತ್ತೂ ಬ್ರೆಡ್ಡಿನ ನಡುವೆ ಅದನ್ನೇ ಇಟ್ಟು ತಿನ್ನುತ್ತಿದ್ದೇವೆ. ಚರ್ಚಿನಲ್ಲಿ ಹಾಡುವವರ ಸಾಲಿನಲ್ಲಿ ನಿನ್ನ ಜಾಗ ಖಾಲಿಯೇ ಇದೆ. ಹೋದ ವಾರ ಪಾಸ್ಟರ್ ಅಮೋಸ್, "ಸ್ವಲ್ಪ ಒತ್ತಿಕೊಂಡು ನಿಂತ್ಕೊಳ್ರಮ್ಮ, ಹಲ್ಲು ಬಿದ್ದ ಬಾಯಿ ಕಂಡಂಗೆ ಕಾಣತ್ತೆ" ಅಂದರು. ಯಾರೂ ಸರಿಯಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮಂಗಳವಾರ ನಿನ್ನ ತಂಗಿಯ ಮಗಳು ಶೆಲ್ಬಿ ಫೋನ್ ಮಾಡಿದ್ದಳು. ಅವಳನ್ನು ಬೈಯಬೇಡ, ಹುಡುಗಿಗೆ ಬೇರೆ ದಾರಿ ತೋಚಿಲ್ಲ. ನಿರುದ್ಯೋಗ ಭತ್ಯೆ ಮುಂದುವರಿಸುವ ಕಾನೂನು ಕೊನೆಗೂ ಪಾಸಾಗಿದೆ, ನಿಂತುಹೋಗಿದ್ದ ವಾರಗಳದ್ದೂ ಸೇರಿಸಿ ಕೊಡುತ್ತಾರೆ, ಆದರೂ ನೀನು ಆಫೀಸಿಗೆ ಫೋನ್ ಮಾಡಲು ಒಪ್ಪುತ್ತಿಲ್ಲವಂತೆ.

"ನಾನೇ ನಂಬರ್ ಒತ್ತಿ ಕಿವಿಗೆ ಹಿಡಿದ್ರೂ ಮಾತಾಡಲ್ಲ ಆಂಟಿ" ಅಂದಳು. "'ಕೂತು ತಿನ್ನೋರ ಸಾಲಲ್ಲಿ ನನ್ನನ್ನ ಇನ್ನೊಂದ್ಸಲ ನಿಲ್ಲಿಸ್ಬೇಡ' ಅಂತಾಳೆ. ಸಕ್ಕರೆ ಕಾಯಿಲೆ ಮಾತ್ರೇನ ಮುರಿದು ಅರ್ಧರ್ಧ ನುಂಗ್ತಿದ್ದಾಳೆ. ನೀವೇ ಏನಾದ್ರೂ ಹೇಳಿ."

ನಾನು ಹೇಳಿದ್ದಕ್ಕೇ ಇಷ್ಟೆಲ್ಲ ಆಗಿದೆ ಎಂದು ಆ ಮಗುವಿಗೆ ಗೊತ್ತಿಲ್ಲ. ನೀನು ಅವಳಿಗೂ ಹೇಳಿಲ್ಲ. 

ಆ ದಿನ ನಿನಗೆ ನಾನು "ಹೂಂ" ಅಂದದ್ದು ಬಿಟ್ಟರೆ ಏನೂ ಹೇಳಲಿಲ್ಲ. ಈಗ ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ.

ಇಪ್ಪತ್ತೆರಡು ವರ್ಷ ಮರಗೆಲಸದ ಕಾರ್ಖಾನೆಯಲ್ಲಿ ಒಂದೇ ಬೆಂಚಿನ ಎರಡು ತುದಿಯಲ್ಲಿ ನಿಂತು ಮರದ ಡ್ರಾಯರುಗಳನ್ನು ಉಜ್ಜಿದವರು ನಾವು. ಕಾರ್ಖಾನೆ ಮುಚ್ಚಿದ ಮೇಲೆ ನನಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು, ನಿನಗೆ ಸಿಗಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮುನ್ನೂರು ಮಕ್ಕಳ ತಟ್ಟೆ ತೊಳೆಯಲು ಹೋಗುವಾಗ ನಿನ್ನ ಮನೆಯ ಪರದೆ ಇನ್ನೂ ಎಳೆದಿರುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು ಟ್ವೈಲಾ. ಪ್ರಾರ್ಥನೆ ಮಾಡಿದರೂ ಹೋಗುತ್ತಿರಲಿಲ್ಲ. ಎಷ್ಟು ಕಡೆ ಅರ್ಜಿ ಹಾಕಿ ನೀನು ಬರಿಗೈಲಿ ಬಂದೆ ಅನ್ನುವುದು ಗೊತ್ತಿದ್ದೂ ಉರಿಯುತ್ತಿತ್ತು.

ಏಪ್ರಿಲ್‌ನಲ್ಲಿ ಒಂದು ಸಂಜೆ ನನ್ನ ಜಗಲಿಯಲ್ಲಿ ಕೂತಿದ್ದಾಗ, "ಕೋಳಿ ಕತ್ತರಿಸೋ ಕಾರ್ಖಾನೇಲಿ ಜನ ತಗೋತಿದ್ದಾರಂತೆ, ನೀನ್ಯಾಕೆ ಹೋಗಲ್ಲ?" ಎಂದು ಕೇಳಿದೆ. ನೀನು, "ಅಯ್ಯೋ ಮಾರಾಯ್ತಿ, ಆ ಕೋಳಿಗಳು ನನಗೇನು ಅನ್ಯಾಯ ಮಾಡಿವೆ? ಸರ್ಕಾರದ ಚೆಕ್ಕು ಬರೋತನಕ ಕೋಳಿ ಅದರ ಪಾಡಿಗೆ, ನಾನು ನನ್ನ ಪಾಡಿಗೆ" ಅಂದೆ. ಇಬ್ಬರೂ ನಕ್ಕೆವು. ನನಗೆ ಟೀ ಮೂಗಿಗೆ ಹತ್ತಿತು.

ಮೇ ತಿಂಗಳಲ್ಲಿ ನಮ್ಮ ಕಡೆಯ ಸಂಸತ್ ಸದಸ್ಯ ಬಂದ. ಸಭೆ ನಮ್ಮ ಚರ್ಚಿನ ಹಿಂದಿನ ಕಟ್ಟಡದಲ್ಲೇ. ಬುಧವಾರದ ಪ್ರಾರ್ಥನೆಗೆ ಹಾಕುವ ಅವೇ ಮಡಿಸುವ ಕುರ್ಚಿಗಳು, ಅದೇ ಕಾಫಿ ಪಾತ್ರೆ. ಪಾಸ್ಟರ್ ಅಮೋಸ್ ಪ್ರಾರ್ಥನೆ ಮಾಡಿ ಶುರು ಮಾಡಿದರು. ಆಮೇಲೆ ಆ ಮನುಷ್ಯ ಅಂಗಿಯ ತೋಳು ಮಡಚಿ, "ಭತ್ಯೆಯ ವಿಷಯವಾಗಿ ಯಾರ ಹೃದಯದಲ್ಲಿ ಏನಿದೆಯೋ, ಎದ್ದು ಹೇಳಿ" ಅಂದ. ಬುಧವಾರ ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಲು ಏಳುತ್ತೇವಲ್ಲ, ಹಾಗೆ ನನ್ನ ಕಾಲು ತಾನಾಗಿ ಎದ್ದು ನಿಂತಿತು. ನನ್ನ ಗೆಳತಿಯೊಬ್ಬಳು ಹೀಗನ್ನುತ್ತಾಳೆ ಎಂದು ಕೋಳಿಯ ಮಾತು ಹೇಳಿದೆ. ಹೆಸರು ಹೇಳಲಿಲ್ಲ. ಈ ಊರಿನಲ್ಲಿ ಹೆಸರು ಬೇಕೇ?

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದು, "ಇಂಥಾ ಪ್ರಾಮಾಣಿಕ ಮಾತು ನಮ್ಮ ರಾಜಧಾನೀಲಿ ಯಾರೂ ಆಡಲ್ಲಮ್ಮ" ಅಂದ. ಮನೆಗೆ ಬಂದು ಡ್ವೇನ್‌ಗೆ ಹೆಮ್ಮೆಯಿಂದ ಹೇಳಿದರೆ ಅವನು ಪೇಪರು ಕೆಳಗಿಟ್ಟ. "ಅದೇನು ಬುಧವಾರದ ಪ್ರಾರ್ಥನೆ ಅಂದ್ಕೊಂಡ್ಯೇನೇ? ಅವನು ಪಾಸ್ಟರಲ್ಲ, ಓಟು ಕೇಳೋನು" ಅಂದ. ಅವನಿಗೇನು ಗೊತ್ತು ಅಂದುಕೊಂಡೆ.

ಆಮೇಲಿನದು ನಿನ್ನ ಕಣ್ಣೆದುರೇ ಆಯಿತು. ಜೂನ್‌ನಲ್ಲಿ ನಿನ್ನ ಭತ್ಯೆ ನಿಂತಿತ್ತು. ಟಿವಿಯಲ್ಲಿ ದಿನವೂ ಅದೇ ಜಗಳ: ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂದು ಇವರು, ಇಲ್ಲದ ಕೆಲಸವನ್ನು ಎಲ್ಲಿಂದ ತರಲಿ ಎಂದು ಅವರು. "ಒಬ್ಳೇ ನೋಡಕ್ಕಾಗಲ್ಲ, ಬಾರೇ" ಎಂದು ನೀನೇ ನನ್ನನ್ನು ಕರೆದೆ. ನಿನ್ನ ಸೋಫಾದಲ್ಲಿ ಮೈಗೆ ಮೈ ತಾಗಿಸಿ ಕೂತಿದ್ದೆವು. ಟಿವಿಯಲ್ಲಿ ನಮ್ಮ ಆ ಸಂಸತ್ ಸದಸ್ಯ ಎದ್ದು ನಿಂತು, ನಮ್ಮ ಕ್ಷೇತ್ರದ ದೈವಭಕ್ತೆಯೊಬ್ಬಳು ತನ್ನ ಗೆಳತಿಯ ಬಗ್ಗೆ ಹೇಳಿದ್ದು ಎಂದು ಶುರು ಮಾಡಿದ. ಕೋಳಿಯ ಮಾತು ಬಂದಾಗ ನೀನು ನಕ್ಕೆ. "ನೋಡೇ, ಇನ್ಯಾರೋ ನನ್ನ ಥರಾನೇ ಮಾತಾಡ್ತಾಳೆ" ಅಂದೆ. ಆಮೇಲೆ ನನ್ನ ಕಡೆ ತಿರುಗಿದೆ.

"ನೀನಾ?"

"ಹೂಂ."

ನೀನು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು, ಅತ್ತು, ರಾತ್ರಿಯೊಳಗೆ ಸರಿಹೋಗುತ್ತಿತ್ತು. ನೀನು ಟಿವಿ ಆರಿಸಿ, "ಮನೆಗೆ ಹೋಗು ಗ್ಲೆಂಡಾ, ಡ್ವೇನ್ ಊಟಕ್ಕೆ ಕಾಯ್ತಿರ್ತಾನೆ" ಅಂದೆ, ಅಷ್ಟೆ. ಹತ್ತು ದಿನಕ್ಕೆ ನಿನ್ನ ಮನೆ ಖಾಲಿಯಾಯಿತು. ಅಂಗಡಿಯಲ್ಲಿ ನಿನ್ನನ್ನು ಕಂಡು ಯಾರೋ ಕೋಳಿ ಕೂಗಿದ ಹಾಗೆ ಕೂಗಿದರಂತೆ. ಅದನ್ನು ನನಗೆ ಹೇಳಿದವಳು ನಗುತ್ತಾ ಹೇಳಿದಳು.

ನೀನು ಹೋದ ಮೇಲೆ ಆ ಸಂಸತ್ ಸದಸ್ಯನ ಆಫೀಸಿಗೆ ಹೋಗಿದ್ದೆ. ನನ್ನ ಮಾತು ವಾಪಸ್ ತಗೊಳ್ಳಬೇಕು ಅಂದೆ. ಮೇಜಿನ ಹಿಂದೆ ಕೂತಿದ್ದ ಹುಡುಗಿಗೆ ಅರ್ಥವೇ ಆಗಲಿಲ್ಲ. "ವಾಪಸ್ಸಾ? ಅದು ಸಾಹೇಬ್ರಿಗೆ ತುಂಬಾ ಹಿಡಿಸಿತ್ತಲ್ಲಮ್ಮ, ಎಲ್ಲಾ ಕಡೆ ಹೇಳ್ತಿದ್ದಾರೆ" ಎಂದು ಅವನ ಸಹಿ ಇರುವ ಫೋಟೋ ಒಂದನ್ನು ಕೊಟ್ಟು ಕಳಿಸಿದಳು. ಬರುವ ದಾರಿಯಲ್ಲಿ ಕಾರು ನಿಲ್ಲಿಸಿ ಅದನ್ನು ಚೂರು ಚೂರು ಮಾಡಿದೆ. ಬುಧವಾರದ ಪ್ರಾರ್ಥನೆಯಲ್ಲಿ ಎದ್ದು ತಪ್ಪೊಪ್ಪಿಕೊಂಡೆ. ಎಲ್ಲರೂ "ಆಮೆನ್" ಅಂದು ಬೆನ್ನು ತಟ್ಟಿದರು. ಅವರಿಗೆ ಬೆನ್ನು ತಟ್ಟುವುದು ಸುಲಭ. ಕ್ಷಮಿಸಬೇಕಾದವಳು ಅಲ್ಲಿರಲಿಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಅದು ನಿನಗೂ ದೇವರಿಗೂ ಬಿಟ್ಟದ್ದು. ಕೇಳುವುದು ಇಷ್ಟೇ: ಇದನ್ನು ಓದಿದ ದಿನವೇ ಭತ್ಯೆಯ ಆಫೀಸಿಗೆ ಫೋನ್ ಮಾಡು. ಹದಿನಾರನೇ ವಯಸ್ಸಿಗೆ ಆ ಕಾರ್ಖಾನೆಯ ಧೂಳಿನೊಳಗೆ ಹೋದವಳು ನೀನು. ಆ ಭತ್ಯೆ ಯಾರ ಭಿಕ್ಷೆಯೂ ಅಲ್ಲ, ದುಡಿದವರಿಗೆಂದೇ ಇಟ್ಟದ್ದು. ಈ ಮಾತನ್ನೂ ನಾನು ಆ ಸಭೆಯಲ್ಲಿ ಎದ್ದು ಹೇಳಬಹುದಿತ್ತು. ನನ್ನ ಮೇಲೆ ಸಿಟ್ಟಿದ್ದರೆ ಇಟ್ಟುಕೋ, ಬದುಕಿರುವ ತನಕ ಇಟ್ಟುಕೋ. ಆದರೆ ನನ್ನ ನಾಲಿಗೆಯ ತಪ್ಪಿಗೆ ನಿನ್ನ ಮಾತ್ರೆ ಮುರಿಯಬೇಡ.

ಕೂತಲ್ಲಿ, ನಿಂತಲ್ಲಿ, ಮಲಗಿದಲ್ಲಿ ದೇವರು ನಿನ್ನ ಪಕ್ಕದಲ್ಲಿರಲಿ. ಶೆಲ್ಬಿಯ ಮನೆಯ ಮೇಲೆ ಅವನ ನೆರಳಿರಲಿ. ನಿನ್ನ ರಕ್ತದಲ್ಲಿ ಸಕ್ಕರೆ ಇಳಿಯಲಿ, ನಿದ್ದೆ ಬರಲಿ. ದಿನವೂ ಅಡುಗೆಮನೆಯಲ್ಲಿ ನಿನ್ನ ಹೆಸರು ಹೇಳಿಯೇ ಒಲೆ ಹಚ್ಚುತ್ತೇನೆ.

ಇಂತು ನಿನ್ನ
ಗ್ಲೆಂಡಾ

ಮರೆತ ಮಾತು: ಮರೆತದ್ದು ಎಂದು ಬರೆದೆ, ಅದೂ ಸುಳ್ಳು. ಇದನ್ನು ಬರೆಯದೆ ಲಕೋಟೆ ಅಂಟಿಸಿ, ಮತ್ತೆ ಬಿಡಿಸಿದ್ದೇನೆ. ನೀನು ಕೋಳಿ ಕಾರ್ಖಾನೆಗೆ ಯಾಕೆ ಹೋಗಲಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಹಳೆಯ ಕಾರ್ಖಾನೆಯ ಕೊನೆಯ ಚಳಿಗಾಲದಲ್ಲಿ ನಿನ್ನ ಬೆರಳುಗಳು ಮರಗಟ್ಟಿದ್ದವು, ಚಮಚ ಹಿಡಿದರೆ ಜಾರುತ್ತಿತ್ತು, ಚಾಕು ಹಿಡಿಯುವ ಮಾತೇ ಇರಲಿಲ್ಲ. ಹೆಂಗಸರ ಕೋಣೆಯಲ್ಲಿ ನಿನ್ನ ಕೋಟಿನ ಗುಂಡಿ ದಿನವೂ ಹಾಕಿದವಳು ನಾನು. "ಯಾರಿಗೂ ಹೇಳ್ಬೇಡ ಕಣೇ, ಗೊತ್ತಾದ್ರೆ ಇನ್ಯಾರೂ ನನ್ನನ್ನ ಕೆಲಸಕ್ಕೆ ಕರೆಯಲ್ಲ" ಎಂದು ನೀನು ಹೇಳಿದ್ದೆ. ಕೊಟ್ಟ ಮಾತಿಗೆ ಕಟ್ಟುಬಿದ್ದು ಸಭೆಯಲ್ಲಿ ಅದನ್ನು ಹೇಳಲಿಲ್ಲ ಎಂದು ಡ್ವೇನ್‌ಗೆ ಹೇಳಿದೆ. ಆ ಗಳಿಗೆಯಲ್ಲಿ ನೆನಪಾಗಲಿಲ್ಲ ಎಂದು ಪಾಸ್ಟರಿಗೆ ಹೇಳಿದೆ. ಎರಡೂ ಅಲ್ಲ ಟ್ವೈಲಾ. ನೆನಪಿತ್ತು, ಬಾಯಿಗೂ ಬಂದಿತ್ತು. ಆದರೆ ಇಡೀ ಸಭೆ ನನ್ನ ಮುಖ ನೋಡಿ ನಗುತ್ತಿತ್ತು. ಜೀವಮಾನದಲ್ಲಿ ನನ್ನ ಮಾತಿಗೆ ಅಷ್ಟು ಜನ ನಕ್ಕಿರಲಿಲ್ಲ. ನಿನ್ನ ಕೈಯ ವಿಷಯ ಹೇಳಿದರೆ ಆ ನಗು ನಿಂತುಹೋಗುತ್ತಿತ್ತು. ಹೇಳದೆ ಕೂತುಬಿಟ್ಟೆ.