ಪಟ್ಟಿಯಲ್ಲಿ ಇಲ್ಲದವನ ಬೀಳ್ಕೊಡುಗೆ

ಇಂಟರ್‌ನ್ಯಾಷನಲ್ ಸಿಟಿ, ದುಬೈ
19 ನವೆಂಬರ್ 2024

ಪ್ರೀತಿಯ ಮಗಳು ಕ್ಯಾರಲ್‌ಗೆ,

ಕರ್ತನ ಸಮಾಧಾನ ನಿನ್ನ ಮನೆಯಲ್ಲಿರಲಿ. ನೀನೂ ಅಳಿಯಂದಿರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಹದಿನೈದು ದಿನದಿಂದ ನಿನ್ನ ಫೋನ್ ತೆಗೆಯದೆ ಇದ್ದದ್ದಕ್ಕೆ ಕ್ಷಮಿಸು. ಫೋನಿನಲ್ಲಿ ನೀನು ಇಂಗ್ಲಿಷಿನಲ್ಲಿ ಬೇಗ ಬೇಗ ಮಾತಾಡುತ್ತೀ, ನಾನು ಉತ್ತರ ಹುಡುಕುವಷ್ಟರಲ್ಲಿ ಮೀಟಿಂಗ್ ಇದೆ ಅಂತ ಇಟ್ಟುಬಿಡುತ್ತೀ. ಕಾಗದವಾದರೆ ಪೂರ್ತಿ ಹೇಳಬಹುದು. ಬೆಟಗೇರಿಯಲ್ಲಿ ನಿನಗೆ ಕನ್ನಡ ಓದಲು ಕಲಿಸಿದವಳು ನಾನೇ. ನಿಧಾನವಾಗಿ ಓದು.

"ಮಮ್ಮಿ, ಜಸ್ಟ್ ಸೇ ಸಾರಿ. ಒಂದು ಲೆಟರ್ ತಾನೇ?" ಎಂದು ನೀನು ಕೇಳಿದೆ. ಆ ಲೆಟರ್ ನಾನು ಬರೆಯುವುದಿಲ್ಲ. ಮೊದಲೇ ಹೇಳಿಬಿಟ್ಟಿದ್ದೇನೆ, ಇನ್ನು ಯಾಕೆ ಅನ್ನುವುದನ್ನು ಕೇಳು.

ನಮ್ಮ ಕನ್ನಡ ಸಭೆ ನಿನಗೆ ಗೊತ್ತಿರುವುದೇ. ಆಂಗ್ಲಿಕನ್ ಚರ್ಚಿನ ಕಾಂಪೌಂಡಿನಲ್ಲಿ ಹಿಂದಿನ ಹಾಲ್ ನಮ್ಮದು. ಮಲಯಾಳದವರು ಹೊರಗೆ ಬರುತ್ತಿದ್ದಂತೆ ನಾವು ಒಳಗೆ. ಹೂ ಜೋಡಿಸುವವರು, ಚಹಾ ಕಾಯಿಸುವವರು, ಹಾಡುವವರು, ಎಲ್ಲರ ಹೆಸರೂ ನೋಟಿಸ್ ಬೋರ್ಡಿನಲ್ಲಿರುತ್ತದೆ. ನನ್ನ ಹೆಸರು ಎರಡು ಕಡೆ ಇತ್ತು. ಪ್ರಭುಭೋಜನದಲ್ಲಿ ದ್ರಾಕ್ಷಾರಸದ ಪಾತ್ರೆ ಹಿಡಿಯುವವರ ಸಾಲಿನಲ್ಲಿ ಒಂದು, ಬೀಳ್ಕೊಡುಗೆ ಸೇವೆಯಲ್ಲಿ ಇನ್ನೊಂದು. ಇಲ್ಲಿ ತೀರಿಕೊಂಡವರನ್ನು ಊರಿಗೆ ಕಳಿಸುವ ಮುಂಚೆ, ಪೆಟ್ಟಿಗೆ ಮುಚ್ಚುವ ಹೊತ್ತಿಗೆ, ಪಕ್ಕದಲ್ಲಿ ನಮ್ಮ ಕಡೆಯವರು ಒಬ್ಬರಾದರೂ ನಿಂತಿರಬೇಕು. ಆ ಸೇವೆ ಅಷ್ಟೇ. ಒಂಬತ್ತು ವರ್ಷ ಮಾಡಿದೆ, ಯಾರ ಜಾತಿ ಯಾವುದೆಂದು ಕೇಳಲಿಲ್ಲ. ಈ ಜೂನ್‌ನಲ್ಲಿ ಸಭಾ ಸಮಿತಿ ಒಂದು ಠರಾವು ಮಾಡಿತು: ಸದಸ್ಯರ ಪಟ್ಟಿಯಲ್ಲಿ ಇರುವವರಿಗೆ ಮಾತ್ರ ಈ ಸೇವೆ. ಕೆಳಗೆ ಕಾರ್ಯದರ್ಶಿಯ ಸಹಿ, ಅಂದರೆ ನಿನ್ನ ಮಾವ ಶಾಮಸುಂದರ ಅವರದು.

ಅಕ್ಟೋಬರ್ ಕೊನೆಯ ಶನಿವಾರ ಶಬ್ಬೀರ್ ಭಾಯಿ ಫೋನ್ ಮಾಡಿದರು. ಇಲ್ಲಿನ ನೈಫ್ ಬಜಾರಿನಲ್ಲಿ ಸೂಟ್‌ಕೇಸಿನ ಅಂಗಡಿ ಇಟ್ಟಿರುವ ಭಟ್ಕಳದವರು. ಕರ್ನಾಟಕದವರು ಯಾರು ಸತ್ತರೂ ಅಂಗಡಿ ತಮ್ಮನ ಕೈಗೆ ಕೊಟ್ಟು ಕಾಗದಪತ್ರಕ್ಕೆ ಓಡಾಡುವವರು ಅವರೇ.

"ಸಿಸ್ಟರ್, ಕೊಪ್ಪಳದವ ಒಬ್ಬ, ಶೇಖಪ್ಪ ಅಂತ. ಟೈಲ್ಸ್ ಕೆಲಸದವ. ಹಾರ್ಟ್ ನಿಂತುಹೋಯ್ತು. ಪೇಪರ್ ಎಲ್ಲ ಖಲಾಸ್, ನಾಳೆ ಹತ್ತು ಗಂಟೆಗೆ ಪೆಟ್ಟಿಗೆ ಮುಚ್ತಾರೆ. ರೂಮಿನವರಿಗೆ ರಜೆ ಸಿಗಲಿಲ್ಲ. ನಾನೊಬ್ಬನೇ ಆಗ್ತೇನೆ."

ಭಾನುವಾರ ಹತ್ತು ಗಂಟೆ ಎಂದರೆ ನಮ್ಮ ಆರಾಧನೆಯ ಹೊತ್ತು. ಅಂದು ಪಾತ್ರೆ ಹಿಡಿಯುವ ಸರದಿ ನನ್ನದು. ಕದ್ದು ಹೋಗುವುದು ಬೇಡವೆಂದು ಒಂಬತ್ತಕ್ಕೇ ಚರ್ಚಿಗೆ ಹೋಗಿ ನಿನ್ನ ಮಾವನವರಿಗೆ ಹೇಳಿದೆ.

"ಅವನು ನಮ್ಮ ಪಟ್ಟಿಯಲ್ಲಿ ಇದ್ದಾನಾ, ಮಧುಮತಿಯವರೇ?"

"ಇಲ್ಲ ಸರ್. ಈಗ ಯಾರ ಪಟ್ಟಿಯಲ್ಲೂ ಇಲ್ಲ."

"ಇದು ಪರವಾನಗಿ ಮೇಲೆ ನಡೆಯೋ ಜಾಗ. ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಬಾಗಿಲು ಮುಚ್ಚೋದು ಎಲ್ಲರಿಗೂ."

ಅವರ ಹೆದರಿಕೆ ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. "ಹಾಗಾದರೆ ಸಭೆಯ ಹೆಸರಲ್ಲಿ ಹೋಗೋದಿಲ್ಲ, ನನ್ನ ಹೆಸರಲ್ಲಿ ಹೋಗ್ತೀನಿ" ಎಂದು ಶವಾಗಾರಕ್ಕೆ ಟ್ಯಾಕ್ಸಿ ಹತ್ತಿದೆ.

ಶೇಖಪ್ಪನಿಗೆ ಮೂವತ್ತೊಂದು ವರ್ಷ. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಸಿಮೆಂಟು. ಶಬ್ಬೀರ್ ಭಾಯಿ ಅವನ ತಾಯಿ ನಿಂಗವ್ವನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಆ ತಾಯಿ ಅಳಲಿಲ್ಲ.

"ಯವ್ವಾ, ನೀ ಅಲ್ಲೇ ಅದೀಯೇನು? ನನ ಮಗನ ಮಾರಿ ನಿನಗ ಕಾಣ್ತೈತೇನು?"

"ಕಾಣ್ತೈತಿ ಅವ್ವಾ. ಮಲಗಿದಂಗ ಅದಾನ."

"ಹಣಿಗೆ ಇಬತ್ತಿ ಹಚ್ಚ್ಯಾರೇನು?"

ನಾನು ಶಬ್ಬೀರ್ ಭಾಯಿಯ ಮುಖ ನೋಡಿದೆ. ಅವರು, ರೂಮಿನವರು ಕೊಟ್ಟಿದ್ದ ಚೀಲದಲ್ಲಿ ಹುಡುಕಿ ವಿಭೂತಿಯ ಒಂದು ತುಂಡು ತೆಗೆದು, ಕಾಗದ ಬಿಚ್ಚಿ ನನ್ನ ಮುಂದೆ ಹಿಡಿದರು. "ನನಗೆ ಹೇಗೆ ಹಚ್ಚೋದು ಅಂತ ಗೊತ್ತಿಲ್ಲ ಸಿಸ್ಟರ್" ಎಂದರು. ಅಲ್ಲಿನ ಸಿಬ್ಬಂದಿ ಐದು ನಿಮಿಷ ಕೊಟ್ಟಿದ್ದರು. ಮೂರು ಬೆರಳಿನಿಂದ ಎಳೆದೆ. ಹಣೆ ತಣ್ಣಗಿತ್ತು. "ಹಚ್ಚೇನಿ ಅವ್ವಾ" ಎಂದೆ. ಆಮೇಲೆ ಆ ತಾಯಿ ಅತ್ತಳು. ಪೆಟ್ಟಿಗೆ ಮುಚ್ಚುವವರೆಗೂ ಫೋನ್ ಹಿಡಿದೇ ಇದ್ದೆ.

ಇದನ್ನು ಸಮಿತಿಗೆ ಹೇಳಿದವಳೂ ನಾನೇ. ಮುಚ್ಚಿಡುವಂಥದ್ದು ಅನ್ನಿಸಲಿಲ್ಲ. ನಿನ್ನ ಮಾವನವರು "ವಿಭೂತಿ ಹಚ್ಚಿದ ಕೈಯಲ್ಲಿ ಪ್ರಭುವಿನ ಪಾತ್ರೆ ಹಿಡಿಯೋದು ಹೇಗೆ?" ಎಂದರು. ನಾನು ಹೇಳಿದೆ: "ಆ ಕೈಯನ್ನ ನಾನು ತೊಳೆದುಕೊಂಡೆ ಸರ್, ಆದರೆ ಪಶ್ಚಾತ್ತಾಪಕ್ಕೆ ಅಲ್ಲ. ಆಸ್ಪತ್ರೆಯ ನರ್ಸಿನ ಅಭ್ಯಾಸ."

ಮರುವಾರ ಎರಡೂ ಕಡೆಯಿಂದ ನನ್ನ ಹೆಸರು ಹೋಗಿತ್ತು. ಕ್ಷಮಾಪಣೆ ಬರೆದುಕೊಟ್ಟರೆ ಮತ್ತೆ ಸೇರಿಸುತ್ತಾರಂತೆ. ನಾನು ಬರೆದದ್ದು ಬೇರೆ. ದೊಡ್ಡ ಅಕ್ಷರದಲ್ಲಿ: "ಕನ್ನಡ ನಾಡಿನವರು ಯಾರೇ ಇಲ್ಲಿ ತೀರಿಕೊಂಡರೂ ಜೊತೆಗೆ ನಿಲ್ಲಲು ಬರುತ್ತೇನೆ. ಇದು ಸಭೆಯ ಸೇವೆಯಲ್ಲ, ನನ್ನದು." ಕೆಳಗೆ ನನ್ನ ನಂಬರ್. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದೆ. ಚಹಾ ಮುಗಿಯುವಷ್ಟರಲ್ಲಿ ಯಾರೋ ತೆಗೆದಿದ್ದರು. ಮುಂದಿನ ಭಾನುವಾರ ಮತ್ತೆ ಅಂಟಿಸಿದೆ, ಎಲ್ಲರೂ ನೋಡುತ್ತಿರುವಾಗಲೇ. ಸಭೆಯ ಪಾಸ್ಟರ್ ಅಯ್ಯನವರು ಪಕ್ಕದಲ್ಲೇ ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ಅವರ ಮೌನ ನನಗೆ ಸಿಟ್ಟು ತರಿಸಿತು, ಇನ್ನೂ ಸಿಟ್ಟಿದೆ.

ಮೊನ್ನೆ ಭಾನುವಾರ ಹೋಗಿ ನೋಡಿದರೆ ಕಾಗದ ಹಾಗೇ ಇತ್ತು. ನನ್ನ ನಂಬರಿನ ಕೆಳಗೆ ಬೇರೆ ಬೇರೆ ಪೆನ್ನಿನಲ್ಲಿ ಇನ್ನೂ ನಾಲ್ಕು ನಂಬರ್ ಬರೆದಿದ್ದರು. ಅದರಲ್ಲೊಂದು ಚಹಾ ಕಾಯಿಸುವ ಹೆಂಗಸಿನದು. ನನ್ನ ಜೊತೆ ಆಕೆ ಈವರೆಗೆ ನೆಟ್ಟಗೆ ಮಾತಾಡಿದವಳೂ ಅಲ್ಲ. ಪಾತ್ರೆ ಮಾತ್ರ ನನ್ನ ಕೈಗೆ ಬರಲಿಲ್ಲ. ಎಲ್ಲರಂತೆ ಸಾಲಿನಲ್ಲಿ ನಿಂತು ಕುಡಿದೆ. ಒಂಬತ್ತು ವರ್ಷದ ಮೇಲೆ ಅದು ಕಷ್ಟವಾಯಿತು, ನಿನ್ನ ಹತ್ತಿರ ಸುಳ್ಳು ಹೇಳಲಾರೆ.

ನಿನಗೆ ಅತ್ತೆ-ಮಾವನ ಎದುರು ಮುಜುಗರ ಆಗುತ್ತಿದೆ, ಗೊತ್ತು. ಅವರ ಮುಂದೆ ನನ್ನನ್ನು ಬಿಟ್ಟುಕೊಡು ಬೇಕಾದರೆ, ಬೇಜಾರಿಲ್ಲ. "ನಮ್ಮ ಮಮ್ಮಿ ಹಟಮಾರಿ" ಎಂದುಬಿಡು. ನನ್ನ ಪರವಾಗಿ ಕ್ಷಮೆ ಮಾತ್ರ ಕೇಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿಮ್ಮಿಬ್ಬರನ್ನೂ ತನ್ನ ಅಂಗೈಯಲ್ಲಿ ಇಟ್ಟುಕೊಳ್ಳಲಿ.

ನಿನ್ನ ಮಮ್ಮಿ,
ಮಧುಮತಿ

ತಾ.ಕ.: ಇಷ್ಟು ಬರೆದ ಮೇಲೆ ಇದನ್ನೂ ಬರೆಯಲೇಬೇಕು. 1999ರಲ್ಲಿ ನಿನ್ನ ಪಪ್ಪ ಅಬುಧಾಬಿಯ ಆಚೆ ಕೆಲಸಗಾರರ ಕ್ಯಾಂಪಿನಲ್ಲಿ ತೀರಿಕೊಂಡಾಗ ಜೊತೆಯವರೆಲ್ಲ ಸುತ್ತ ನಿಂತು ಪ್ರಾರ್ಥಿಸಿದರು, ಕೀರ್ತನೆ ಹಾಡಿ ಕಳಿಸಿಕೊಟ್ಟರು ಎಂದು ನಿನಗೆ ಹೇಳುತ್ತಾ ಬಂದಿದ್ದೇನೆ. ನಿನ್ನ ಮದುವೆಯ ದಿನವೂ ಹೇಳಿದೆ. ಹಾಗೇನೂ ನಡೆದಿರಲಿಲ್ಲ, ಕ್ಯಾರಲ್. ಕೊನೆಗೆ ಅವರ ಹತ್ತಿರ ಯಾರಿದ್ದರು ಎಂದು ಕಂಪನಿಗೆ ಆರು ಸಲ ಫೋನ್ ಮಾಡಿ ಕೇಳಿದೆ. ಆರು ಸಲವೂ "ಪೇಪರ್ ಎಲ್ಲ ಸರಿ ಇದೆ ಮೇಡಂ" ಎಂದರು. ನಿನಗೆ ಹೇಳಲೆಂದು ಆ ಕೀರ್ತನೆಯನ್ನು ಆರಿಸಿದವಳು ನಾನು.